ಕೊನೆಯ ಇನ್‌ಸ್ಪೆಕ್ಷನ್ ಯಾವಾಗ ಆಯಿತು ಎಂದು ಕೇಳಿ

ಇಂಗ್ಲೆಂಡಿನಲ್ಲಿ ಪುಟ್ಟ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ತಂದೆತಾಯಂದಿರಿಗೆ, ಊರಿನಲ್ಲಿ ಕುಳಿತು ಫೋನಿನಲ್ಲಿ ಮೊಮ್ಮಕ್ಕಳ ಮುಖ ನೋಡಿ ಸಮಾಧಾನಪಟ್ಟುಕೊಳ್ಳುವ ಅಜ್ಜಿ ತಾತಂದಿರಿಗೆ ಈ ಮನವಿ.

ನಾನು ಇಲ್ಲಿ ರಿಜಿಸ್ಟರ್ ಆಗಿರುವ ಚೈಲ್ಡ್‌ಮೈಂಡರ್. ನನ್ನ ಸ್ವಂತ ಮನೆಯಲ್ಲೇ ಬೇರೆಯವರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವುದು ನನ್ನ ಉದ್ಯೋಗ. ಮಗುವನ್ನು ಬಿಡಬೇಕೆಂದು ವಿಚಾರಿಸಿಕೊಂಡು ಬರುವ ನಮ್ಮವರು ಏನೇನು ಕೇಳುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿದೆ. ಗಂಟೆಗೆ ಎಷ್ಟು ತೆಗೆದುಕೊಳ್ಳುತ್ತೀರಿ, ಅನ್ನ ಸಾರು ತಿನ್ನಿಸುತ್ತೀರಾ, ಮನೆಯಲ್ಲಿ ನಾಯಿ ಇದೆಯಾ, ಮಗುವಿನ ಹತ್ತಿರ ಕನ್ನಡದಲ್ಲಿ ಮಾತಾಡುತ್ತೀರಾ. ಎಲ್ಲವೂ ಕೇಳಲೇಬೇಕಾದ ಮಾತುಗಳು. ಆದರೆ ‘ನಿಮ್ಮಲ್ಲಿ ಕೊನೆಯ ಇನ್‌ಸ್ಪೆಕ್ಷನ್ ಯಾವಾಗ ಆಯಿತು, ಆ ರಿಪೋರ್ಟ್ ಸ್ವಲ್ಪ ತೋರಿಸುತ್ತೀರಾ’ ಎಂದು ಕೇಳುವವರು ತೀರಾ ಕಡಿಮೆ. ಹಾಗೆ ಕೇಳಿದರೆ ಎದುರಿನವರನ್ನು ಅನುಮಾನಿಸಿದಂತಾಗುತ್ತದೆ ಎಂಬ ಸಂಕೋಚ ನಮ್ಮಲ್ಲಿ ಬೇರೂರಿದೆ. ದಯವಿಟ್ಟು ಆ ಸಂಕೋಚವನ್ನು ಬಾಗಿಲ ಹೊರಗೇ ಬಿಟ್ಟು ಬನ್ನಿ. ನೀವು ಕೇಳಿದರೆ ಒಳ್ಳೆಯ ಚೈಲ್ಡ್‌ಮೈಂಡರ್ ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡವರ ಮನೆಯಲ್ಲಿ ಮಗುವನ್ನು ಬಿಡುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಚೈಲ್ಡ್‌ಮೈಂಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್. ಶಾಲೆಗಳ ತಪಾಸಣೆ ಮಾಡುವುದೂ ಅದೇ. ಊರಿನ ಅಂಗನವಾಡಿಗೆ ಮೇಲ್ವಿಚಾರಕಿ ಬಂದು ಹಾಜರಿ ಪುಸ್ತಕ, ಆಹಾರದ ಲೆಕ್ಕ ನೋಡಿಕೊಂಡು ಹೋಗುವುದನ್ನು ಕಂಡು ಬೆಳೆದ ನಮಗೆ, ಇಷ್ಟು ನಿಯಮಗಳಿರುವ ಈ ದೇಶದಲ್ಲಿ ಯಾರಾದರೂ ಆಗಿಂದಾಗ್ಗೆ ಬಂದು ನೋಡುತ್ತಲೇ ಇರುತ್ತಾರೆ ಎನಿಸುವುದು ಸಹಜ. ನಿಜ ಸಂಗತಿ ಹೀಗಿದೆ. ಐದು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವವರು ‘ಅರ್ಲಿ ಇಯರ್ಸ್ ರಿಜಿಸ್ಟರ್’ನಲ್ಲಿ ಇರಬೇಕು. ಹೊಸದಾಗಿ ಸೇರಿದವರ ಮನೆಗೆ ಮೊದಲ ತಪಾಸಣೆ ಸಾಮಾನ್ಯವಾಗಿ 30 ತಿಂಗಳೊಳಗೆ, ಆಮೇಲೆ ಆರು ವರ್ಷಕ್ಕೆ ಒಮ್ಮೆ ಎಂಬುದು ಇತ್ತೀಚಿನವರೆಗೆ ನಡೆದುಬಂದ ಲೆಕ್ಕ. 2025ರ ಜುಲೈನಲ್ಲಿ ಸರ್ಕಾರ ಇದನ್ನು ಬಿಗಿ ಮಾಡುವುದಾಗಿ ಪ್ರಕಟಿಸಿತು. ಮೊದಲ ತಪಾಸಣೆ 18 ತಿಂಗಳೊಳಗೆ, ನಂತರದ್ದು ಕನಿಷ್ಠ ನಾಲ್ಕು ವರ್ಷಕ್ಕೊಮ್ಮೆ ಎಂಬುದು ಹೊಸ ಗುರಿ. 2026ರ ಏಪ್ರಿಲ್‌ನಿಂದ ಈ ನಾಲ್ಕು ವರ್ಷದ ಸುತ್ತು ಶುರುವಾಗಬೇಕೆಂದು ಗೊತ್ತುಮಾಡಲಾಯಿತು.

ಆರು ನಾಲ್ಕಾಗಿದ್ದು ಒಳ್ಳೆಯದೇ. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ನಿಮ್ಮ ಮಗುವಿನ ವಯಸ್ಸಿಗೆ ಇದನ್ನು ಹೊಂದಿಸಿ ನೋಡಿ. ಹೆರಿಗೆ ರಜೆ ಮುಗಿಸಿ ಒಂಬತ್ತು ತಿಂಗಳ ಕೂಸನ್ನು ಒಬ್ಬರ ಮನೆಯಲ್ಲಿ ಬಿಡುತ್ತೀರಿ ಎಂದುಕೊಳ್ಳೋಣ. ಹಿಂದಿನ ತಿಂಗಳಷ್ಟೇ ಅಲ್ಲಿ ತಪಾಸಣೆ ಮುಗಿದಿದೆ. ನಾಲ್ಕು ವರ್ಷ ತುಂಬಿದ ಮೇಲಿನ ಸೆಪ್ಟೆಂಬರಿನಲ್ಲಿ ಮಗು ಶಾಲೆಯ ರಿಸೆಪ್ಷನ್ ತರಗತಿ ಸೇರುತ್ತದೆ. ಬಹುಪಾಲು ಮಕ್ಕಳ ವಿಷಯದಲ್ಲಿ ಮುಂದಿನ ಇನ್‌ಸ್ಪೆಕ್ಟರ್ ಆ ಮನೆಯ ಕರೆಗಂಟೆ ಒತ್ತುವ ಹೊತ್ತಿಗೆ ಮಗು ಅಲ್ಲಿಂದ ಹೊರಟೇ ಹೋಗಿರುತ್ತದೆ. ಆರು ವರ್ಷದ ಲೆಕ್ಕ ಹಿಡಿದರಂತೂ ಅದು ಶಾಲೆ ಸೇರಿಯೇ ಸುಮಾರು ಎರಡು ವರ್ಷವಾಗಿರುತ್ತದೆ. ತೆವಳುವುದು, ನಿಲ್ಲುವುದು, ಮೊದಲ ಮಾತು, ಮೊದಲ ಜ್ವರ, ಡೈಪರ್ ಬಿಟ್ಟಿದ್ದು, ಇವೆಲ್ಲ ಎರಡು ತಪಾಸಣೆಗಳ ನಡುವಿನ ಜಾಗದಲ್ಲೇ ನಡೆದು ಮುಗಿದಿರುತ್ತವೆ. ಸರ್ಕಾರದ ಕಡೆಯ ಒಬ್ಬರೂ ನಿಮ್ಮ ಮಗುವನ್ನು ಆ ಮನೆಯಲ್ಲಿ ಒಮ್ಮೆಯೂ ಕಂಡಿರುವುದಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ರಿಪೋರ್ಟಿನ ದರ್ಜೆಗಿಂತ ಮೊದಲು ಅದರ ತಾರೀಖು ನೋಡಿ. ಆ ತಾರೀಖಿನಿಂದ ಈಚೆಗೆ ಆ ಮನೆಯನ್ನು ನೋಡುತ್ತಿರುವವರು ನೀವು ಮಾತ್ರ ಎಂದು ತಿಳಿದು ನಡೆದುಕೊಳ್ಳಿ.

ಹಿಂದೆ ಹೀಗಿರಲಿಲ್ಲ. ಚೈಲ್ಡ್‌ಮೈಂಡರ್‌ಗಳು ಹೆಸರು ನೋಂದಾಯಿಸಬೇಕೆಂಬ ಕಾನೂನು ಈ ದೇಶಕ್ಕೆ ಬಂದದ್ದು 1948ರಲ್ಲಿ. 1989ರ ಚಿಲ್ಡ್ರನ್ ಆಕ್ಟ್ ಜಾರಿಯಾದ ಮೇಲೆ ಸ್ಥಳೀಯ ಕೌನ್ಸಿಲ್‌ನವರು ಪ್ರತಿ ವರ್ಷ ತಪಾಸಣೆ ಮಾಡಬೇಕಿತ್ತು. ಅಷ್ಟೇನೂ ದೂರದಲ್ಲಿಲ್ಲದ ಆಫೀಸಿನಿಂದ, ಆ ಬೀದಿಯ ಪರಿಚಯವಿರುವ ಯಾರೋ ಒಬ್ಬರು ಬರುತ್ತಿದ್ದರು. 2001ರ ಸೆಪ್ಟೆಂಬರಿನಲ್ಲಿ ಈ ಹೊಣೆ ಆಫ್‌ಸ್ಟೆಡ್‌ಗೆ ಹೋಯಿತು. ದೇಶಕ್ಕೆಲ್ಲ ಒಂದೇ ಅಳತೆ ಬಂತು, ರಿಪೋರ್ಟುಗಳು ಎಲ್ಲರ ಕೈಗೂ ಸಿಗುವಂತಾದವು. ಅದು ದೊಡ್ಡ ಲಾಭ. ಆದರೆ ಭೇಟಿಗಳ ನಡುವಿನ ಅಂತರ ವರ್ಷದಿಂದ ವರ್ಷಗಳಿಗೆ ಬೆಳೆಯಿತು. ಅದರ ಮೇಲೆ ಕೊರೊನಾ ಬಂತು. 2020ರ ಮಾರ್ಚ್‌ನಲ್ಲಿ ಮಾಮೂಲಿ ತಪಾಸಣೆಗಳು ನಿಂತವು, ಮತ್ತೆ ಕ್ರಮಕ್ಕೆ ಬಂದದ್ದು 2021ರ ಬೇಸಿಗೆಯ ಟರ್ಮ್‌ನಲ್ಲಿ. ಆ ಹೊತ್ತಿನಲ್ಲಿ ಸರದಿ ತಪ್ಪಿದವರ ಸರದಿ ಇನ್ನೂ ಹಿಂದಕ್ಕೆ ಹೋಯಿತು. ಹೀಗಾಗಿ ಹುಡುಕಿ ನೋಡಿದಾಗ ಬಹಳ ಹಳೆಯ ತಾರೀಖಿನ ರಿಪೋರ್ಟು ಕಾಣಿಸಿದರೆ ಆ ಚೈಲ್ಡ್‌ಮೈಂಡರ್ ಏನೋ ತಪ್ಪಿಸಿಕೊಂಡಿದ್ದಾರೆ ಎಂದುಕೊಳ್ಳಬೇಡಿ. ಯಾವಾಗ ಬರಬೇಕೆಂದು ಗೊತ್ತುಮಾಡುವುದು ನಮ್ಮ ಕೈಯಲ್ಲಿಲ್ಲ. ನನ್ನಂಥ ಎಷ್ಟೋ ಜನ ‘ಇನ್ನೂ ಬರಲಿಲ್ಲವಲ್ಲ’ ಎಂದು ಕಾಯುವವರೇ. ಒಳ್ಳೆಯ ಕೆಲಸ ಮಾಡುತ್ತಿರುವವರಿಗೆ ಯಾರಾದರೂ ಬಂದು ನೋಡಲಿ ಎಂಬ ಆಸೆ ಇರುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ರಿಜಿಸ್ಟರ್ ಒಂದೇ ಅಲ್ಲ. ಶಾಲೆ ಬಿಟ್ಟ ಮೇಲೆ ದೊಡ್ಡ ಮಕ್ಕಳನ್ನು ಮಾತ್ರ ನೋಡಿಕೊಳ್ಳುವವರು ‘ಚೈಲ್ಡ್‌ಕೇರ್ ರಿಜಿಸ್ಟರ್’ನಲ್ಲಷ್ಟೇ ಇರಬಹುದು. ಅವರಿಗೆ ಮೇಲೆ ಹೇಳಿದ ನಾಲ್ಕು ವರ್ಷದ ಸುತ್ತು ಅನ್ವಯಿಸುವುದಿಲ್ಲ. ಅಂಥವರಲ್ಲಿ ವರ್ಷಕ್ಕೆ ಶೇಕಡಾ 10ರಷ್ಟು ಜನರನ್ನು ಆರಿಸಿ ತಪಾಸಣೆ ಮಾಡುತ್ತಾರೆ. ಅಲ್ಲಿ ದರ್ಜೆಯೂ ಇರುವುದಿಲ್ಲ. 2014ರ ಕಾನೂನಿನ ನಂತರ ಬಂದ ಚೈಲ್ಡ್‌ಮೈಂಡರ್ ಏಜೆನ್ಸಿಗಳ ಮೂಲಕ ಸೇರಿದವರದು ಮತ್ತೊಂದು ದಾರಿ. ಅವರ ಮನೆಗೆ ಏಜೆನ್ಸಿಯವರೇ ವರ್ಷಕ್ಕೊಮ್ಮೆಯಾದರೂ ಹೋಗಿ ನೋಡುತ್ತಾರೆ, ಆಫ್‌ಸ್ಟೆಡ್ ಏಜೆನ್ಸಿಯನ್ನು ತಪಾಸಣೆ ಮಾಡುತ್ತದೆ. ಆದ್ದರಿಂದ ‘ನಾನು ರಿಜಿಸ್ಟರ್ ಆಗಿದ್ದೇನೆ’ ಎಂಬ ಉತ್ತರಕ್ಕೆ ಸುಮ್ಮನಾಗದೆ ಯಾವ ರಿಜಿಸ್ಟರ್, ಆಫ್‌ಸ್ಟೆಡ್ಡೋ ಏಜೆನ್ಸಿಯೋ ಎಂದು ಕೇಳಿ. ಪ್ರತಿಯೊಬ್ಬರಿಗೂ ಯುಆರ್‌ಎನ್ ಎಂಬ ಒಂದು ನಂಬರ್ ಇರುತ್ತದೆ. ಹೆಸರು ಹಾಕಿ ಹುಡುಕಿದರೆ ನಮ್ಮಲ್ಲಿ ಕೆಲವರು ಸಿಗದೇ ಇರಬಹುದು, ಏಕೆಂದರೆ ಮನೆಯಲ್ಲಿ ಕೆಲಸ ಮಾಡುವವರ ಹೆಸರು, ಪೂರ್ತಿ ವಿಳಾಸ ಎಲ್ಲರಿಗೂ ಕಾಣುವಂತೆ ಹಾಕಿರುವುದಿಲ್ಲ. ನಂಬರ್ ಕೇಳಿ ಪಡೆದು ಆಫ್‌ಸ್ಟೆಡ್ ತಾಣದಲ್ಲಿ ಹಾಕಿ ನೋಡಿದರೆ ರಿಪೋರ್ಟು ತೆರೆದುಕೊಳ್ಳುತ್ತದೆ.

ರಿಪೋರ್ಟು ಓದುವ ಬಗೆಯೂ ಈಗ ಬದಲಾಗಿದೆ. 2025ರ ನವೆಂಬರ್‌ವರೆಗಿನ ರಿಪೋರ್ಟುಗಳಲ್ಲಿ ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಅಡಿಕ್ವೇಟ್ ಎಂಬ ದರ್ಜೆಗಳಿದ್ದವು. ಕೊನೆಯದು ಬಂದರೆ ಆರು ತಿಂಗಳೊಳಗೆ, ಅದರ ಹಿಂದಿನದು ಬಂದರೆ ಹನ್ನೆರಡು ತಿಂಗಳೊಳಗೆ ಇನ್‌ಸ್ಪೆಕ್ಟರ್ ಮತ್ತೆ ಬರುತ್ತಿದ್ದರು. ಕೆಲವು ರಿಪೋರ್ಟುಗಳಲ್ಲಿ ಬರೀ ‘ಮೆಟ್’ ಎಂದಷ್ಟೇ ಇರುತ್ತದೆ. ತಪಾಸಣೆಯ ಕಾಲಕ್ಕೆ ಅಲ್ಲಿ ಮಕ್ಕಳೇ ಇರಲಿಲ್ಲ ಎಂದು ಅದರ ಅರ್ಥ. ನಿಯಮಗಳು ಗೊತ್ತಿವೆಯೇ, ಮನೆ ಸುರಕ್ಷಿತವೇ ಎಂದು ನೋಡಿ ಹೋಗಿದ್ದಾರೆ, ಮಗುವಿನ ಜೊತೆ ಅವರು ಹೇಗಿರುತ್ತಾರೆ ಎಂಬುದನ್ನು ಯಾರೂ ಕಂಡಿಲ್ಲ. ನವೆಂಬರ್‌ ನಂತರದ ರಿಪೋರ್ಟುಗಳಲ್ಲಿ ಒಟ್ಟಾರೆ ಒಂದು ದರ್ಜೆ ಇಲ್ಲ. ಕಲಿಕೆ, ಮಕ್ಕಳ ಯೋಗಕ್ಷೇಮ, ವರ್ತನೆ ಮತ್ತು ದಿನಚರಿ, ಎಲ್ಲರನ್ನೂ ಒಳಗೊಳ್ಳುವ ಬಗೆ ಹೀಗೆ ಬೇರೆಬೇರೆ ವಿಷಯಕ್ಕೆ ಐದು ಹಂತಗಳಲ್ಲಿ ಫಲಿತಾಂಶ ಕೊಡುತ್ತಾರೆ. ಮಕ್ಕಳ ರಕ್ಷಣೆಯ ವಿಷಯಕ್ಕೆ ಮಾತ್ರ ಸರಿಯಿದೆ ಅಥವಾ ಸರಿಯಿಲ್ಲ ಎಂದು ಎರಡೇ ಉತ್ತರ. ಅದನ್ನು ಮೊದಲು ನೋಡಿ.

ಈಗ ತಪಾಸಣೆಯ ದಿನ ಏನಾಗುತ್ತದೆ ಎಂದು ಹೇಳಬೇಕು, ಏಕೆಂದರೆ ಅದರ ಬಲವೂ ಮಿತಿಯೂ ಅಲ್ಲಿಯೇ ಇವೆ. ನರ್ಸರಿಗಳಿಗೆ ಹಿಂದಿನ ದಿನ ಫೋನ್ ಬಂದರೆ, ನಮಗೆ ಸಾಮಾನ್ಯವಾಗಿ ಐದು ದಿನದೊಳಗೆ ಯಾವಾಗಲಾದರೂ ಬರುತ್ತೇವೆಂದು ಫೋನ್ ಬರುತ್ತದೆ. ನಾವು ಮಕ್ಕಳನ್ನು ಕರೆದುಕೊಂಡು ಲೈಬ್ರರಿಗೋ ಪಾರ್ಕಿಗೋ ಹೋಗಿಬಿಟ್ಟಿದ್ದರೆ ಅವರು ಬೀಗ ಹಾಕಿದ ಬಾಗಿಲು ನೋಡಿ ಹಿಂತಿರುಗಬೇಕಾಗುತ್ತದೆ, ಅದಕ್ಕೆ. ಬಂದವರು ಕೆಲವು ಗಂಟೆ ಇರುತ್ತಾರೆ. ಕಾಗದ ಪತ್ರ ನೋಡುತ್ತಾರೆ, ಆದರೆ ಹೆಚ್ಚಿನ ಹೊತ್ತು ಕಾರ್ಪೆಟ್ಟಿನ ಮೇಲೆ ಒಂದು ಮೂಲೆಯಲ್ಲಿ ಕುಳಿತು ಮಕ್ಕಳನ್ನೇ ಗಮನಿಸುತ್ತಾರೆ. ನನ್ನ ಮನೆಗೆ ಬಂದಿದ್ದ ಇನ್‌ಸ್ಪೆಕ್ಟರ್, ಎರಡು ವರ್ಷದ ಒಂದು ಮಗು ಬಾಳೆಹಣ್ಣಿನ ಸಿಪ್ಪೆ ಸುಲಿಯಲು ಹೆಣಗುತ್ತಿದ್ದುದನ್ನು ನೋಡುತ್ತ ಕುಳಿತಿದ್ದರು. ತೊಟ್ಟಿನ ತುದಿಯನ್ನು ನಾನು ಸ್ವಲ್ಪ ಮುರಿದುಕೊಟ್ಟೆ, ಉಳಿದದ್ದನ್ನು ಮಗು ತಾನೇ ಎಳೆಯಿತು, ಅರ್ಧ ಹಣ್ಣು ನೆಲಕ್ಕೆ ಬಿತ್ತು. ಆ ಹೊತ್ತಿನಲ್ಲಿ ನಾನು ಮಗುವಿಗೆ ಏನು ಹೇಳಿದೆ, ಎಷ್ಟು ಹೊತ್ತು ಕಾದೆ, ಬಿದ್ದ ಹಣ್ಣಿಗೆ ಗದರಿದೆನೇ ಎಂಬುದೆಲ್ಲ ಅವರ ಪುಸ್ತಕದಲ್ಲಿ ದಾಖಲಾಯಿತು. ಆಮೇಲೆ ಕೇಳಿದ ಪ್ರಶ್ನೆಗಳು ಕಟುವಾಗಿದ್ದವು. ಮಗುವಿನ ತೋಳಿನ ಮೇಲೆ ಬೆರಳಚ್ಚಿನಂಥ ಗುರುತು ಕಂಡರೆ ಯಾರಿಗೆ ಹೇಳುತ್ತೀರಿ? ನಿಮ್ಮ ಮನೆಯವರ ಮೇಲೆಯೇ ಯಾರಾದರೂ ದೂರು ಕೊಟ್ಟರೆ ಏನು ಮಾಡುತ್ತೀರಿ? ಇಂಥ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬರಬೇಕು.

ಇದು ಗಟ್ಟಿಯಾದ ಪರೀಕ್ಷೆ. ಆದರೆ ಅದು ಒಂದು ಬೆಳಗಿನ ಪರೀಕ್ಷೆ. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲಾಗಿ, ಒಂದು ಮಗುವಿಗೆ ಹಲ್ಲು ಬರುವ ಕಿರಿಕಿರಿ, ಇನ್ನೊಂದಕ್ಕೆ ನಿದ್ದೆಗೆಟ್ಟ ಅಳು, ಟ್ರೇನ್ ತಡವಾಗಿ ತಾಯಿ ಇನ್ನೂ ಬಂದಿಲ್ಲ ಎಂಬ ಸಂಜೆ ಚೈಲ್ಡ್‌ಮೈಂಡರ್ ಮಗುವಿನೊಂದಿಗೆ ಹೇಗಿರುತ್ತಾರೆ ಎಂಬುದನ್ನು ಯಾವ ರಿಪೋರ್ಟೂ ಹೇಳಲಾರದು. ಅದನ್ನು ಕಾಣುವ ಅವಕಾಶ ಇರುವುದು ಆ ಹೊತ್ತಿಗೆ ಬಾಗಿಲಿಗೆ ಬರುವ ನಿಮಗೆ.

ನೀವು ಏನನ್ನು ನೋಡಬೇಕು? ಮೊದಲು ಎಣಿಸಿ. ಒಬ್ಬ ಚೈಲ್ಡ್‌ಮೈಂಡರ್ ಒಂದೇ ಹೊತ್ತಿನಲ್ಲಿ ಎಂಟು ವರ್ಷದೊಳಗಿನ ಆರು ಮಕ್ಕಳಿಗಿಂತ ಹೆಚ್ಚು ನೋಡಿಕೊಳ್ಳುವಂತಿಲ್ಲ. ಅವರಲ್ಲಿ ಇನ್ನೂ ಐದು ತುಂಬದ ಪುಟ್ಟವರು ಮೂವರಿಗಿಂತ ಹೆಚ್ಚಿರಬಾರದು, ವರ್ಷ ತುಂಬದ ಕೂಸು ಸಾಮಾನ್ಯವಾಗಿ ಒಂದೇ. ಅವರ ಸ್ವಂತ ಮಕ್ಕಳೂ ಈ ಲೆಕ್ಕದೊಳಗೇ ಬರುತ್ತಾರೆ. ಒಡಹುಟ್ಟಿದವರಿದ್ದಾಗ ಒಂದಿಷ್ಟು ಸಡಿಲಿಕೆ ಉಂಟು, ಅದಕ್ಕೆ ಅವರ ಹತ್ತಿರ ಸರಿಯಾದ ವಿವರಣೆ ಇರಬೇಕು. ಸಂಜೆ ಕರೆದೊಯ್ಯಲು ಹೋದಾಗ ಹಾಲಿನಲ್ಲಿ ಐದಾರು ಪುಟ್ಟ ಕೂಸುಗಳಿದ್ದರೆ ಅದನ್ನು ನೋಡಿಯೂ ನೋಡದಂತೆ ಬರಬೇಡಿ. ಮಕ್ಕಳ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಮೂರು ವರ್ಷಕ್ಕೊಮ್ಮೆ ಹೊಸದಾಗಬೇಕು. ಅದರ ಮೇಲೂ ತಾರೀಖು ಇದೆ, ಓದಿ. ಆ ಮನೆಯಲ್ಲಿ ವಾಸವಿರುವ 16 ದಾಟಿದ ಪ್ರತಿಯೊಬ್ಬರಿಗೂ ಪೊಲೀಸ್ ದಾಖಲೆಯ ಡಿಬಿಎಸ್ ತಪಾಸಣೆ ಆಗಿರಬೇಕು. ಹೊಸದಾಗಿ ಒಬ್ಬ ಮೈದುನನೋ ಬಾಡಿಗೆಯವನೋ ಬಂದು ಸೇರಿಕೊಂಡಿದ್ದರೆ ‘ಇವರು ಯಾರು’ ಎಂದು ಕೇಳುವ ಹಕ್ಕು ನಿಮಗಿದೆ.

ಊಟದ ವಿಷಯವನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಜವಾಬ್ದಾರಿ ನಮ್ಮ ಕಡೆಗೂ ಇದೆ. 2025ರ ಸೆಪ್ಟೆಂಬರಿನಿಂದ ನಿಯಮಗಳಲ್ಲಿ ತಿನ್ನುವಾಗಿನ ಎಚ್ಚರಗಳನ್ನು ಇನ್ನಷ್ಟು ಬಿಗಿಗೊಳಿಸಿದ್ದಾರೆ. ಮಗು ತಿನ್ನುವಾಗ ಪ್ರಥಮ ಚಿಕಿತ್ಸೆ ಕಲಿತವರು ಅದೇ ಕೋಣೆಯಲ್ಲಿ, ಕಣ್ಣಳತೆಯಲ್ಲಿ ಇರಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ನಾಲ್ಕು ಹೋಳು ಮಾಡಿಯೇ ಕೊಡಬೇಕು. ಐದರೊಳಗಿನವರಿಗೆ ಇಡೀ ಕಡಲೆಬೀಜ, ಗೋಡಂಬಿ ಬೇಡ. ಪ್ರೀತಿಯಿಂದ ಡಬ್ಬಿಗೆ ಕೋಡುಬಳೆ, ಚಿಕ್ಕಿ ಹಾಕಿ, ಉಂಡೆಯ ಮೇಲೆ ಇಡೀ ಬಾದಾಮಿ ಒತ್ತಿ ಕಳಿಸುವ ತಾಯಂದಿರೇ, ಅಜ್ಜಿಯರೇ, ಹಲ್ಲು ಪೂರ್ತಿ ಬರದ ಮಗುವಿನ ಗಂಟಲಲ್ಲಿ ಅವು ಸಿಕ್ಕಿಕೊಂಡರೆ ಕ್ಷಣಗಳಲ್ಲೇ ಉಸಿರು ನಿಲ್ಲುತ್ತದೆ. ನಾನು ಡಬ್ಬಿಯಿಂದ ತೆಗೆದಿಟ್ಟರೆ ಬೇಸರ ಮಾಡಿಕೊಳ್ಳಬೇಡಿ. ಯಾರಾದರೂ ಚೈಲ್ಡ್‌ಮೈಂಡರ್ ತೆಗೆದಿಡದೇ ಇದ್ದರೆ ಆಗ ಬೇಸರ ಮಾಡಿಕೊಳ್ಳಿ.

ನಿದ್ದೆಯ ಜಾಗವನ್ನೂ ಕಣ್ಣಾರೆ ನೋಡಿ. 2022ರ ಮೇ ತಿಂಗಳಲ್ಲಿ ಸ್ಟಾಕ್‌ಪೋರ್ಟ್ ಸಮೀಪದ ಚೀಡಲ್ ಹ್ಯೂಮ್‌ನ ಒಂದು ನರ್ಸರಿಯಲ್ಲಿ ಒಂಬತ್ತು ತಿಂಗಳ ಕೂಸನ್ನು ಬೀನ್‌ಬ್ಯಾಗಿನ ಮೇಲೆ ಬೋರಲು ಮಲಗಿಸಿ, ಪಟ್ಟಿ ಬಿಗಿದು, ಹೊದಿಕೆ ಹೊದಿಸಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಬಿಟ್ಟರು. ಆ ಮಗು ಉಳಿಯಲಿಲ್ಲ. ನರ್ಸರಿಯ ಉಪ ಮ್ಯಾನೇಜರ್‌ಗೆ 2024ರಲ್ಲಿ 14 ವರ್ಷ ಜೈಲಾಯಿತು. ಅದು ನರ್ಸರಿ, ಚೈಲ್ಡ್‌ಮೈಂಡರ್ ಮನೆಯಲ್ಲ, ಆದರೆ ಕೂಸನ್ನು ಅಂಗಾತ, ಗಟ್ಟಿಯಾದ ಸಮತಟ್ಟಿನ ಹಾಸಿಗೆಯ ಮೇಲೆ ಮಲಗಿಸಬೇಕು, ಮೇಲಿಂದ ಮೇಲೆ ಹೋಗಿ ನೋಡಬೇಕು ಎಂಬುದು ಎರಡು ಕಡೆಗೂ ಒಂದೇ. ಆ ಮಗುವಿನ ಹೆತ್ತವರು ಅಂದಿನಿಂದ ತಮ್ಮ ಸಂಕಟವನ್ನು ಹೊತ್ತುಕೊಂಡೇ ಮುನ್ಸೂಚನೆಯಿಲ್ಲದ ತಪಾಸಣೆಗಳಿಗಾಗಿ, ನಿದ್ದೆಯ ಬಗ್ಗೆ ಕಟ್ಟುನಿಟ್ಟಿನ ನಿಯಮಗಳಿಗಾಗಿ ಹೋರಾಡುತ್ತಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು ಎಂದು ಈ ಉದ್ಯೋಗದಲ್ಲಿರುವ ನಾನು ನಂಬಿದ್ದೇನೆ. ಫೋನ್ ಮಾಡಿಯೇ ಬರಲಿ, ಮಾಡದೆಯೇ ಬರಲಿ, ನನ್ನ ಮನೆಯ ತೊಟ್ಟಿಲು ಒಂದೇ ಥರ ಇರಬೇಕು.

ಇಷ್ಟು ಹೊತ್ತು ಹೇಳಿದ್ದು ರಿಜಿಸ್ಟರ್ ಆದವರ ಮಾತು. ನನಗೆ ಹೆಚ್ಚು ಕಳವಳ ಇರುವುದು ಮುಂದಿನ ವಿಷಯದ ಬಗ್ಗೆ.

ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಮೆಸೇಜ್ ಬರುತ್ತದೆ. ‘ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಶುದ್ಧ ಸಸ್ಯಾಹಾರಿ, ಕನ್ನಡ ಮಾತಾಡುತ್ತೇವೆ, ಸ್ಟೇಷನ್ ಹತ್ತಿರ.’ ಕೆಳಗೆ ಇಪ್ಪತ್ತು ಜನ ಕೈ ಜೋಡಿಸಿದ ಗುರುತು ಹಾಕಿರುತ್ತಾರೆ. ರಿಜಿಸ್ಟರ್ ಆಗಿದ್ದೀರಾ ಎಂದು ಒಬ್ಬರೂ ಕೇಳಿರುವುದಿಲ್ಲ. ನಮ್ಮವರು, ಹಾಸನದವರು, ನಮ್ಮ ಅತ್ತೆಯ ಕಡೆಯ ಪರಿಚಯ, ಇದಕ್ಕಿಂತ ಇನ್ನೇನು ಬೇಕು ಎಂಬ ಭಾವನೆ. ಅವರು ನಿಜಕ್ಕೂ ಒಳ್ಳೆಯವರೇ ಇರಬಹುದು. ಆದರೆ ಹಣ ತೆಗೆದುಕೊಂಡು, ತಮ್ಮ ಮನೆಯಲ್ಲಿ, ಎಂಟು ವರ್ಷದೊಳಗಿನ ಬೇರೆಯವರ ಮಗುವನ್ನು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ನೋಡಿಕೊಳ್ಳುವವರು ಇಂಗ್ಲೆಂಡಿನಲ್ಲಿ ರಿಜಿಸ್ಟರ್ ಆಗಲೇಬೇಕು. ಆಗದೆ ಮಾಡಿದರೆ ಅದು ಅಪರಾಧ. ಅಜ್ಜಿ ತಾತ, ಚಿಕ್ಕಮ್ಮ, ಸೋದರಮಾವ, ಅಕ್ಕ ಅಣ್ಣಂದಿರಂಥ ಹತ್ತಿರದ ರಕ್ತಸಂಬಂಧಿಗಳಿಗೆ ಇದು ಅನ್ವಯಿಸುವುದಿಲ್ಲ. ಗೆಳತಿಯರಿಬ್ಬರು ಹಣದ ಮಾತಿಲ್ಲದೆ ಪರಸ್ಪರ ಮಕ್ಕಳನ್ನು ನೋಡಿಕೊಂಡರೂ ತೊಂದರೆಯಿಲ್ಲ. 2009ರಲ್ಲಿ ಹೀಗೆ ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಿದ್ದ ಇಬ್ಬರು ಮಹಿಳಾ ಪೊಲೀಸರಿಗೆ ಆಫ್‌ಸ್ಟೆಡ್ ತಕರಾರು ಮಾಡಿದಾಗ ದೇಶವೆಲ್ಲ ಗದ್ದಲವಾಗಿ, ಸರ್ಕಾರ ಆ ನಿಯಮವನ್ನು ತಿದ್ದಿತು. ಹಣ ಕೊಟ್ಟಾಗ ಮಾತ್ರ ಕಾನೂನು ಬೇರೆ.

ರಿಜಿಸ್ಟರ್ ಆಗದ ಮನೆಗೆ ಇನ್‌ಸ್ಪೆಕ್ಟರ್ ನಾಲ್ಕು ವರ್ಷಕ್ಕೂ ಬರುವುದಿಲ್ಲ, ನಲವತ್ತು ವರ್ಷಕ್ಕೂ ಬರುವುದಿಲ್ಲ. ಅಲ್ಲಿ ಪ್ರಥಮ ಚಿಕಿತ್ಸೆ ಕಲಿತವರಿಲ್ಲ, ಮನೆಯಲ್ಲಿರುವ ಗಂಡಸರ ಡಿಬಿಎಸ್ ಆಗಿಲ್ಲ, ವಿಮೆ ಇಲ್ಲ. ಮಗುವಿನ ಕೈ ಮುರಿದರೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳುತ್ತೀರಿ? ‘ನಮ್ಮವರ ಮೇಲೆ ದೂರು ಕೊಡುವುದು ಹೇಗೆ’ ಎಂದು ಬಾಯಿ ಮುಚ್ಚಿಕೊಂಡ ಕುಟುಂಬಗಳನ್ನು ನಾನು ಬಲ್ಲೆ. ಒಬ್ಬ ತಾಯಿ ನನ್ನ ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದರು. ಮಗು ಅಂಥ ಒಂದು ಮನೆಯ ಬಾಗಿಲು ಕಂಡರೆ ಅವರ ಕಾಲು ಗಟ್ಟಿ ಹಿಡಿದುಕೊಳ್ಳುತ್ತಿತ್ತಂತೆ, ಕಾರಣ ಕೇಳುವ ಧೈರ್ಯವಾಗದೆ ಎರಡು ಟರ್ಮ್ ಕಳೆದಿದ್ದರಂತೆ.

ಇಂಥ ಮನೆಗಳಿಗೆ ನಮ್ಮವರು ಏಕೆ ಹೋಗುತ್ತಾರೆ ಎಂಬುದನ್ನೂ ನಾನು ಅರಿತಿದ್ದೇನೆ. ಊರಿನಿಂದ ಬಂದ ಅಮ್ಮನಿಗೆ ಒಮ್ಮೆಗೆ ಆರು ತಿಂಗಳಿಗಿಂತ ಹೆಚ್ಚು ಇರಲು ವೀಸಾ ಬಿಡುವುದಿಲ್ಲ. ಅವರನ್ನು ವಿಮಾನ ಹತ್ತಿಸಿ ಬಂದ ಮರುದಿನವೇ ಮಗುವಿಗೆ ಎಲ್ಲಾದರೂ ಜಾಗ ಬೇಕು. 2025ರ ಸೆಪ್ಟೆಂಬರಿನಿಂದ ಕೆಲಸಕ್ಕೆ ಹೋಗುವ ತಂದೆತಾಯಂದಿರ ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೆ ವರ್ಷದ 38 ವಾರ, ವಾರಕ್ಕೆ 30 ಗಂಟೆಗಳ ವೆಚ್ಚವನ್ನು ಸರ್ಕಾರ ಕೊಡುತ್ತದೆ. ಆದರೆ ಗಂಡ ಹೆಂಡತಿ ಇಬ್ಬರ ವೀಸಾ ಮೇಲೂ ‘ಸರ್ಕಾರಿ ನೆರವಿಗೆ ಅರ್ಹರಲ್ಲ’ ಎಂದು ಬರೆದಿದ್ದರೆ ಆ 30 ಗಂಟೆ ಸಿಗುವುದಿಲ್ಲ. ಹೊಸದಾಗಿ ಬಂದ ನಮ್ಮ ಐಟಿ ಹುಡುಗ ಹುಡುಗಿಯರು, ಆಸ್ಪತ್ರೆಯ ನರ್ಸ್‌ಗಳು ಬಹುತೇಕ ಈ ಗುಂಪಿನವರು. ಪಕ್ಕದ ಮನೆಯವರು ಇಬ್ಬರೂ ಅಷ್ಟೇ ತೆರಿಗೆ ಕಟ್ಟಿ ಆ ಸೌಲಭ್ಯ ಪಡೆಯುವಾಗ ಇವರು ಪೂರ್ತಿ ಹಣ ಕೈಯಿಂದ ಕೊಡಬೇಕು. ಇದು ಅನ್ಯಾಯ. ಅದನ್ನು ನಿಮ್ಮ ಕ್ಷೇತ್ರದ ಎಂಪಿಗೆ ಬರೆದು ತಿಳಿಸಿ, ಮತದಾನದ ಹಕ್ಕಿರುವ ಕಾಮನ್‌ವೆಲ್ತ್ ಪ್ರಜೆಗಳು ನಾವು ಎಂಬುದನ್ನು ಮರೆಯಬೇಡಿ. ಮೂರು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ವೀಸಾ ಯಾವುದೇ ಇರಲಿ, ವಾರಕ್ಕೆ 15 ಗಂಟೆ ಸಿಗುತ್ತದೆ. ಅದನ್ನು ಕೇಳದೇ ಬಿಟ್ಟವರಿದ್ದಾರೆ, ಬಿಡಬೇಡಿ. ಮತ್ತು ಒಬ್ಬರಿಗಾದರೂ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಸಿಕ್ಕಿದ್ದರೆ 30 ಗಂಟೆಗೆ ಅರ್ಜಿ ಹಾಕಿ ನೋಡಿ.

ಈಗ ಮನೆಯಲ್ಲಿ ಸದ್ದಿಲ್ಲದೆ ಮಕ್ಕಳನ್ನು ನೋಡಿಕೊಳ್ಳುತ್ತಿರುವ ನನ್ನ ಅಕ್ಕತಂಗಿಯರಿಗೆ ಒಂದು ಮಾತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಡಿಗ್ರಿ ಇದ್ದೂ ಇಲ್ಲಿಗೆ ಬಂದು ಕೆಲಸ ಸಿಗದೆ ಮನೆಯಲ್ಲೇ ಉಳಿದು, ನಾಲ್ಕು ಕಾಸು ಸಂಪಾದಿಸೋಣ ಎಂದುಕೊಂಡವರು ನೀವು. ದಯವಿಟ್ಟು ರಿಜಿಸ್ಟರ್ ಆಗಿ. ಆಫ್‌ಸ್ಟೆಡ್ಡಿಗೆ ವರ್ಷಕ್ಕೆ ಕಟ್ಟಬೇಕಾದ ಶುಲ್ಕ 35 ಪೌಂಡ್. ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿ ಒಟ್ಟು 12 ಗಂಟೆ. ಡಿಬಿಎಸ್, ಆರೋಗ್ಯದ ವಿವರ, ವಿಮೆ, ಮಕ್ಕಳ ಕಲಿಕೆಯ ನಿಯಮಗಳನ್ನು ತಿಳಿದುಕೊಳ್ಳುವ ಒಂದು ಕೋರ್ಸ್ ಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕೇಳಿಕೊಳ್ಳಿ. ಸ್ಕಿಲ್ಡ್ ವರ್ಕರ್ ವೀಸಾದವರ ಡಿಪೆಂಡೆಂಟ್ ಆಗಿ ಬಂದವರೂ ಸ್ವಂತ ಉದ್ಯೋಗ ಮಾಡಬಹುದು. ನಿಮ್ಮ ಕೌನ್ಸಿಲ್‌ನ ಅರ್ಲಿ ಇಯರ್ಸ್ ವಿಭಾಗದವರಿಗೆ ಫೋನ್ ಮಾಡಿ ಕೇಳಿದರೆ ದಾರಿ ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಚೈಲ್ಡ್‌ಮೈಂಡರ್‌ಗಳ ಸಂಖ್ಯೆ 2012ರಿಂದೀಚೆಗೆ ಅರ್ಧಕ್ಕಿಂತ ಕೆಳಗಿಳಿದಿದೆ; ಹೊಸಬರು ಬೇಕಾಗಿದ್ದಾರೆ. ಇನ್‌ಸ್ಪೆಕ್ಟರ್ ಬಂದರೆ ಇಂಗ್ಲಿಷ್‌ನಲ್ಲಿ ತಡವರಿಸಿಬಿಡುತ್ತೇನೆ ಎಂಬ ಹೆದರಿಕೆ ಅನೇಕರಿಗೆ. ಅವರು ನಿಮ್ಮ ಉಚ್ಚಾರಣೆಗೆ ಅಂಕ ಕೊಡಲು ಬರುವುದಿಲ್ಲ. ಮಗುವಿಗೆ ಏನು ಕಲಿಸುತ್ತಿದ್ದೀರಿ, ಮುಂದೆ ಏನು ಕಲಿಸುತ್ತೀರಿ ಎಂದು ನಿಮ್ಮ ಮಾತಿನಲ್ಲಿ ಹೇಳಿದರೆ ಸಾಕು. ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳುವುದೂ ನಿಮ್ಮ ಬಲವೇ.

ಸಂಶಯ ಬಂದಾಗ ಏನು ಮಾಡಬೇಕೆಂದು ಕೇಳುವವರಿಗೆ: ಮೊದಲು ಚೈಲ್ಡ್‌ಮೈಂಡರ್ ಹತ್ತಿರವೇ ನೇರವಾಗಿ ಮಾತಾಡಿ, ಬರಹದಲ್ಲೂ ಕೊಡಿ. ಲಿಖಿತ ದೂರಿಗೆ ಅವರು ಉತ್ತರ ಕೊಡಲೇಬೇಕು, ಅದರ ದಾಖಲೆ ಇಡಬೇಕು. ಸಮಾಧಾನವಾಗದಿದ್ದರೆ ಆಫ್‌ಸ್ಟೆಡ್ಡಿಗೆ ತಿಳಿಸಿ, ಹೆಸರು ಹೇಳದೆಯೂ ತಿಳಿಸಬಹುದು. ನಾಲ್ಕು ವರ್ಷ ಎಂಬುದು ಅತಿ ಹೆಚ್ಚಿನ ಅಂತರ ಮಾತ್ರ. ಗಂಭೀರವಾದ ದೂರು ಬಂದರೆ ನಾಳೆಯೇ, ಫೋನ್ ಕೂಡ ಮಾಡದೆ ಬಂದು ನೋಡುವ ಅಧಿಕಾರ ಅವರಿಗಿದೆ. ಮಗುವಿಗೆ ಯಾರಿಂದಲೋ ಪೆಟ್ಟಾಗುತ್ತಿದೆ ಎನಿಸಿದರೆ ಇಷ್ಟಕ್ಕೆಲ್ಲ ಕಾಯದೆ ಕೌನ್ಸಿಲ್‌ನ ಮಕ್ಕಳ ವಿಭಾಗಕ್ಕೆ ಹೇಳಿ, ಅಪಾಯ ಕಣ್ಣೆದುರಿಗಿದ್ದರೆ 999ಕ್ಕೆ ಫೋನ್ ಮಾಡಿ. ವೀಸಾಕ್ಕೆ ತೊಂದರೆಯಾಗುತ್ತದೆಂದು ಹೆದರಿ ಸುಮ್ಮನಿರುವವರಿದ್ದಾರೆ. ಮಗುವಿನ ರಕ್ಷಣೆಗಾಗಿ ದೂರು ಕೊಟ್ಟದ್ದಕ್ಕೆ ವೀಸಾ ಹೋಗುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ಕೇಳಿ. ತಪಾಸಣೆ ಇದೆ ಎಂದು ಗೊತ್ತಾದ ಕೂಡಲೇ ಚೈಲ್ಡ್‌ಮೈಂಡರ್ ನಿಮಗೆ ತಿಳಿಸಬೇಕು, ರಿಪೋರ್ಟ್ ಬಂದ ಮೇಲೆ ಅದರ ಪ್ರತಿ ನಿಮ್ಮ ಕೈಗೆ ಕೊಡಬೇಕು. ಇದು ನಿಯಮ. ತಂದೆತಾಯಂದಿರ ಅನಿಸಿಕೆಯನ್ನು ಇನ್‌ಸ್ಪೆಕ್ಟರ್ ಕೇಳುತ್ತಾರೆ. ಅವತ್ತು ಮೀಟಿಂಗ್ ಇದೆ, ಆಮೇಲೆ ನೋಡೋಣ ಎಂದು ಸುಮ್ಮನಾಗಬೇಡಿ. ಬೆಳಿಗ್ಗೆ ಬಿಡಲು ಬಂದಾಗ ಐದು ನಿಮಿಷ ನಿಂತು ಮಾತಾಡಿ, ಇಲ್ಲವೇ ಹಿಂದಿನ ರಾತ್ರಿ ನಾಲ್ಕು ಸಾಲು ಬರೆದುಕೊಡಿ. ‘ವೆರಿ ಗುಡ್, ವೆರಿ ನೈಸ್’ ಎಂಬ ಸಾಲುಗಳಿಂದ ಯಾರಿಗೂ ಉಪಯೋಗವಿಲ್ಲ. ಮಗು ಅಲ್ಲಿಗೆ ಹೋದ ಮೇಲೆ ಏನು ಕಲಿಯಿತು, ಬಿದ್ದು ಗಾಯವಾದ ದಿನ ನಿಮಗೆ ಹೇಗೆ ತಿಳಿಸಿದರು, ಯಾವ ವಿಷಯ ಇನ್ನೂ ಸರಿಯಾಗಬೇಕು ಎಂಬುದನ್ನು ಬರೆಯಿರಿ. ಆಫ್‌ಸ್ಟೆಡ್ಡಿಗೆ ಆ ಮನೆಯ ಕಳೆದ ವರ್ಷಗಳ ಸುದ್ದಿ ಸಿಗುವುದು ನಿಮ್ಮ ಮೂಲಕವೇ.

ಬೇರೆ ಕಡೆ ಇರುವವರು ನಿಮ್ಮ ನಿಮ್ಮ ನಿಯಮ ತಿಳಿದುಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ಕೇರ್ ಇನ್‌ಸ್ಪೆಕ್ಟೊರೇಟ್, ವೇಲ್ಸ್‌ನಲ್ಲಿ ಕೇರ್ ಇನ್‌ಸ್ಪೆಕ್ಟೊರೇಟ್ ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಆರೋಗ್ಯ ಟ್ರಸ್ಟ್‌ಗಳು ಈ ಕೆಲಸ ಮಾಡುತ್ತವೆ. ಡಬ್ಲಿನ್, ಕಾರ್ಕ್ ಕಡೆಯ ನಮ್ಮವರಿಗೆ ಇದು ಈಗಷ್ಟೇ ಶುರುವಾದ ಕಾಲ. ಐರ್ಲೆಂಡಿನಲ್ಲಿ ಚೈಲ್ಡ್‌ಮೈಂಡರ್‌ಗಳಿಗೆಂದೇ ಮಾಡಿದ ನಿಯಮಗಳು 2024ರ ಸೆಪ್ಟೆಂಬರ್ ಕೊನೆಗೆ ಜಾರಿಯಾಗಿವೆ, ಟುಸ್ಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಲು ಮೂರು ವರ್ಷದ ಅವಕಾಶವಿದೆ.

ಕೊನೆಗೆ ನಮ್ಮ ಕನ್ನಡ ಬಳಗಗಳ ಪದಾಧಿಕಾರಿಗಳಿಗೂ ವಾಟ್ಸಾಪ್ ಗುಂಪು ನಡೆಸುವವರಿಗೂ ಒಂದು ಬೇಡಿಕೆ. ಮಗು ನೋಡಿಕೊಳ್ಳುತ್ತೇವೆಂಬ ಜಾಹೀರಾತನ್ನು ಯುಆರ್‌ಎನ್ ಇಲ್ಲದೆ ಗುಂಪಿನಲ್ಲಿ ಬಿಡಬೇಡಿ. ಹಾಕಿದವರಿಗೆ ‘ನಂಬರ್ ಸೇರಿಸಿ ಮತ್ತೆ ಹಾಕಿ, ಇಲ್ಲವಾದರೆ ರಿಜಿಸ್ಟರ್ ಆಗಲು ನಾವು ಸಹಾಯ ಮಾಡುತ್ತೇವೆ’ ಎಂದು ಮರ್ಯಾದೆಯಿಂದಲೇ ಹೇಳಿ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸಭಾಂಗಣ ಬಾಡಿಗೆ ಹಿಡಿದಾಗ ಊಟದ ಸಾಲಿನ ಹತ್ತಿರ ಒಂದು ಮೇಜು ಕೊಡಿ. ನಾಲ್ಕೈದು ರಿಜಿಸ್ಟರ್ಡ್ ಚೈಲ್ಡ್‌ಮೈಂಡರ್‌ಗಳು ಅಲ್ಲಿ ಕುಳಿತು, ಹೊಸದಾಗಿ ಬಂದ ತಾಯಂದಿರಿಗೆ ರಿಪೋರ್ಟು ಹುಡುಕುವುದನ್ನು ಅವರ ಫೋನಿನಲ್ಲೇ ತೋರಿಸಿಕೊಡುತ್ತೇವೆ, ಅರ್ಜಿ ಹಾಕಬೇಕೆನ್ನುವವರಿಗೆ ಪಕ್ಕದಲ್ಲಿ ಕುಳಿತು ತುಂಬಿಸಿಕೊಡುತ್ತೇವೆ. ಮೇಜಿಗೆ ಬಾಡಿಗೆ ಕೇಳಬೇಡಿ. ದಿನಾಂಕ ತಿಳಿಸಿ, ಬರುತ್ತೇವೆ.